ಸೀನು, ನಗಿ, ಮೊದಲ ಮೊರ

ನನ್ನ ನಗಿ ಸಾಂಗಲಿ ಪ್ಯಾಟ್ಯಾಗ ಹೆಸರಾಗಿತ್ತು. ಬಡಾಯಿ ಅಲ್ಲ, ಖರೇನ ಹೇಳ್ತೇನಿ. ಅರಿಷಿಣ ಸಂಘದ ಶೆಡ್ಡಿನಾಗ ಕುಂತು ನಾ ಒಮ್ಮೆ ಬಾಯಿ ಬಿಟ್ಟು ನಕ್ಕರ, ಗ್ವಾಡಿ ಆಚಿ ಆಫೀಸಿನಾಗಿದ್ದ ದಿವಾಣಜಿ ಸಂಘದ ಲೆಕ್ಕ ಬರಿಯೂದು ನಿಲ್ಲಿಸಿ ತಲಿ ಎತ್ತತಿದ್ರಂತ. ಮಿರಜಿಯಾಕಿ ಬಂದಾಳ ಇವತ್ತ, ಅಂತಿದ್ರಂತ. ನನ್ನ ಹಾಜರಿ ಹಾಕಾಕ ಅವರು ಎದ್ದು ಬರಬೇಕಂತಿರಲಿಲ್ಲ.

ಆಗ ನಮ್ಮ ಕಡೆ ಎಲ್ಲಾ ಸಂಘದ ಕಾಲ. ಸಕ್ಕರಿಗೆ ಸಂಘ, ಹಾಲಿಗೆ ಸಂಘ, ನೂಲಿಗೆ ಸಂಘ. ಕಸಬೆ ಡಿಗ್ರಜದ ಹೊಲದವರು ದಲಾಲರ ಕೈಯಾಗ ಸಿಗಬಾರದಂತ ತಮ್ಮ ಅರಿಷಿಣ ನಮ್ಮ ಸಂಘಕ್ಕ ತಂದು ಸುರೀತಿದ್ರು. ನಾವು ಹೆಂಗಸರು ರಾಶಿ ಸುತ್ತ ಕುಂತು ಬೆರಳು ಬ್ಯಾರೆ, ಗಡ್ಡಿ ಬ್ಯಾರೆ, ಚೂರು ಬ್ಯಾರೆ ಆರಿಸಿ, ಮೊರದಾಗ ಹಸನ ಮಾಡಿ ಚೀಲ ತುಂಬ್ತಿದ್ವಿ. ನಮ್ಮ ಮನಿತನ ಅಥಣಿ ಕಡೆಯಿಂದ ದುಡಿಯಾಕ ಮಿರಜಿಗೆ ಬಂದದ್ದು. ನನ್ನ ಗಂಡ ಕುಪವಾಡ ಎಂಐಡಿಸಿಯಾಗ ಎರಕದ ಕಾರಖಾನಿಗೆ ಹೋಗ್ತಿದ್ದ, ನಾ ಬಸ್ಸು ಹಿಡದು ಸಾಂಗಲಿಗೆ. ಮನ್ಯಾಗ ಕನ್ನಡ, ಬಸ್ಸಿನಾಗ ಮರಾಠಿ, ಶೆಡ್ಡಿನಾಗ ಎರಡೂ ಕಲಸಿದ್ದು. ಜಗಳ ಮಾತ್ರ ನಾ ಕನ್ನಡದಾಗ ಮಾಡ್ತಿದ್ದೆ. ಅದರಾಗ ನನ್ನ ಕೈ ಹಿಡಿಯವರು ಇರಲಿಲ್ಲ.

ನಾಲ್ಕು ಹಡದಾಕಿ ನಾನು. ಹಡದು ಹನ್ನೆರಡನೇ ದಿನಕ್ಕ ಬುಟ್ಟಿ ಹೊತ್ತಾಕಿ. ಮುಟ್ಟು ನಿಂತ ಮ್ಯಾಲ, ಮೈ ಆರಾಮ ಆತು ಅಂತ ಅನ್ನೂದರಾಗ, ಇದು ಶುರು ಆತು. ಮೊದಲಿಗೆ ಸೀನಿದಾಗ ಒಂದೆರಡು ಹನಿ. ಅರಿಷಿಣದ ಧೂಳಿನಾಗ ಕುಂತವರಿಗೆ ಸೀನು ಅಂದ್ರ ಉಸಿರಾಡಿದಂಗ, ದಿನಾ ಇದ್ದದ್ದ. ಆಮ್ಯಾಲ ಕೆಮ್ಮಿದಾಗ, ಚೀಲ ಎತ್ತಿದಾಗ. ಕಡೀಕ ನಕ್ಕಾಗ. ನಕ್ಕರ ಹನಿ ಅಲ್ಲ, ಸೀರಿ ತೊಯ್ತಿತ್ತು. ಹೋಗಲಿ ಬಿಡು, ಸೀನು ತಡಕೋಬಹುದು, ಚೀಲ ಇನ್ನೊಬ್ಬಾಕಿ ಎತ್ತತಾಳ. ನಗಿ ಹೆಂಗ ಬಿಡೂದು? ಬಿಟ್ಟೆ. ಹಲ್ಲು ಕಚ್ಚಿ ಬಿಟ್ಟೆ.

ಯಾರಿಗೂ ಹೇಳಲಿಲ್ಲ. ಹೇಳಾಕ ಅದೇನು ಬಂಗಾರದ ಸುದ್ದಿ ಅಲ್ಲ. ನನ್ನದ ಒಂದು ಗೋಣಿತಟ್ಟು ಮಾಡಿಕೊಂಡೆ, ಅದರ ಮ್ಯಾಲ ಕುಂದ್ರೂದು, ಸಂಜೀಗೆ ಸುತ್ತಿ ಬಗಲಾಗ ಇಟಗೊಂಡು ಮನಿಗೆ ಒಯ್ಯೂದು, ತೊಳಿಯೂದು. ಮಹಾರಾಣಿ ತನ್ನ ಸಿಂಹಾಸನ ತಾನ ಹೊತ್ತು ತಿರಗ್ತಾಳ, ಅಂತ ಹೆಂಗಸರು ಆಡಿಕೊಂಡ್ರು. ನಾನ ನಗಬೇಕಾದ ಮಾತು ಅದು. ಮುಖ ಗಂಟು ಹಾಕಿಕೊಂಡು ಕುಂತೆ. ನೀರು ಕುಡಿಯೂದು ಬಿಟ್ಟೆ, ತುಟಿ ಒಡದು ರಕ್ತ ಬರ್ತಿತ್ತು. ಲಗ್ನಕ್ಕ ಕರದ್ರ ಮೈಯಾಗ ಆರಾಮಿಲ್ಲ ಅಂದೆ. ಕರೀ ಸೀರಿ, ಕಂದು ಸೀರಿ, ಅವೆರಡ ಬಣ್ಣ ನನ್ನ ಪಾಲಿಗೆ ಉಳದ್ವು. ಬಸ್ಸಿನಾಗ ಸೀಟು ಖಾಲಿ ಇದ್ರೂ ನಿಂತ ಹೋಗ್ತಿದ್ದೆ, ಎದ್ದಾಗ ಸೀಟು ಒದ್ದಿ ಕಂಡ್ರ ಏನ ಗತಿ ಅಂತ. ಗಂಡ ಪಾಪ, ತನ್ನ ಮ್ಯಾಲ ಸಿಟ್ಟಾಗ್ಯಾಳ ಅಂತ ತಿಳಕೊಂಡು ಒಂದಿನ ಜಿಲೇಬಿ ತಂದ. ಅದನ್ನೂ ತಿಂದು ಸುಮ್ಮನ ಕುಂತೆ. ಆತ ಇನ್ನಷ್ಟು ಹೆದರಿದ.

ಒಳಗ ಮಾತ್ರ ಉರೀತಿದ್ದೆ. ಯಾರ ಮ್ಯಾಲ ಅಂತ ಗೊತ್ತಾಗ್ತಿರಲಿಲ್ಲ. ನನ್ನ ಮೈ ಮ್ಯಾಲ ಅಂದ್ರ ಖರೆ. ಇಷ್ಟು ವರ್ಷ ಹೇಳಿದ್ದು ಕೇಳಿದ ಮೈ, ಈಗ ನಾಲ್ಕು ಮಂದ್ಯಾಗ ನನ್ನ ಮರ್ಯಾದಿ ತಗೀತೈತಲ್ಲ ಅಂತ.

ಇಷ್ಟರಾಗ ಶೆಡ್ಡಿನ ಹಿರೇಮನಿಶಿ ಕೆಲಸ ಬಿಟ್ಟು ಮಾಲಗಾಂವಕ್ಕ ಮಗಳ ಮನಿಗೆ ಹೋದ್ಲು. ಆಕಿ ಹೋದ ಮ್ಯಾಲ ಶೆಡ್ಡಿನಾಗ ಎಲ್ಲಾರಿಗಿಂತ ಹಳಬಾಕಿ ನಾನ. ಅಂದ್ರ ಆ ವರ್ಷ ಮುಹೂರ್ತದ ಮೊದಲ ಮೊರ ನನ್ನದು. ನಮ್ಮಲ್ಲಿ ಅದೊಂದು ರೂಢಿ: ಹೊಸ ಅರಿಷಿಣ ಬಂದ ದಿನ ರಾಶಿಗೆ ಪೂಜಿ ಆಗಿ, ಎಲ್ಲಾರಿಗಿಂತ ಹಳಬಾಕಿ ಮೊದಲ ಮೊರ ತುಂಬಿ ತಕ್ಕಡಿಗೆ ಸುರೀಬೇಕು. ಆಮ್ಯಾಲ ಅದ ಅರಿಷಿಣ ತೇಯ್ದು ಸಂಘದ ಚೇರಮನ್ನರ ಹಣೀಗೆ ಮೊದಲ, ಉಳದವರಿಗೆ ಆಮ್ಯಾಲ ಹಚ್ಚಬೇಕು. ಅಷ್ಟಾಗೂತನಕ ವ್ಯಾಪಾರ ಶುರು ಆಗೂದಿಲ್ಲ. ಊರ ದೊಡ್ಡ ಮಂದಿ ಕೈಕಟ್ಟಿ ನಿಂತಿರ್ತಾರ, ಒಬ್ಬ ಕೂಲಿ ಹೆಂಗಸಿನ ಮೊರಕ್ಕ. ವರ್ಷದಾಗ ಅದೊಂದು ದಿನ. ನಾ ಹೊಸದಾಗಿ ಶೆಡ್ಡಿಗೆ ಬಂದಾಗಿಂದ ಅದರ ಮ್ಯಾಲ ನನ್ನ ಕಣ್ಣಿತ್ತು. ನನಗ ಬೇಕಾಗಿತ್ತು ಅದು. ನಾಚಿಕಿ ಇಲ್ಲದ ಹೇಳ್ತೇನಿ, ಭಾಳ ಬೇಕಾಗಿತ್ತು.

ಮುಹೂರ್ತದ ದಿನ ಕರೀ ಸೀರಿ ಉಡಾಕ ಬರೂದಿಲ್ಲ. ತವರಿನ ಇಳಕಲ್ಲ ಸೀರಿ ತಗದೆ, ತಿಳಿ ಹಸರು, ಕೆಂಪು ಸೆರಗು. ಒಳಗ ಎರಡು ಪದರ ಅರಿವಿ ಇಟಗೊಂಡೆ. ಬೆಳಗಿಂದ ನೀರು ಮುಟ್ಟಲಿಲ್ಲ. ಪೂಜಿ ಲಗೂನ ಮುಗದ್ರ ಸಾಕು, ಮೊರ ಸುರದ್ರ ಸಾಕು, ಆಮ್ಯಾಲ ಏನರ ಆಗಲಿ ಅಂತ ದೇವರಿಗೆ ಬೇಡಿಕೊಂಡೆ.

ದೇವರು ಕೇಳಿರಬೇಕು, ಚೇರಮನ್ ಕೇಳಬೇಕಲ್ಲ. ಈಗ ಬರ್ತಾರ, ಆಗ ಬರ್ತಾರ ಅಂತ ಎಲ್ಲಾರೂ ಬಾಗಲ ನೋಡಿಕೋತ ನಿಂತಿದ್ವಿ. ದಾರ್ಯಾಗ ಇನ್ನೊಂದು ಸಂಘದ ಉದ್ಘಾಟನಾ ಐತಂತ, ಅಲ್ಲಿ ಹಾರ ಹಾಕಿಸಿಕೊಂಡು ಬರ್ತಾರಂತ. ಊದಿನಕಡ್ಡಿ ಒಂದು ಕಟ್ಟು ಮುಗದು ಇನ್ನೊಂದು ಹಚ್ಚಿದ್ರು. ಆ ಹೊಗಿ, ಹೊಸಾ ರಾಶಿ ಧೂಳು. ಬಂತು ನೋಡು ಸೀನು. ಒಂದು ಬಂದ್ರ ತಡಕೋತಿದ್ದೆ. ಒಂದರ ಹಿಂದ ಒಂದು ಬಂದ್ವು, ಅರಿವಿ ಪದರ ದಾಟಿ ಹೋತು.

ಸೆರಗು ಹಿಂದ ಎಳಕೊಂಡು ಶೆಡ್ಡಿನ ಹಿತ್ತಲ ನಳಕ್ಕ ಓಡಿದೆ. ಅಲ್ಲಿ ಕೈ ತೊಳಿಯಾಕ ಸಾಬೂನಿನ ತುಂಡು ಇತ್ತು. ವಾಸನಿ ಬರಬಾರದಂತ ಸೀರಿಗೆ ತಿಕ್ಕಿದೆ, ನೀರು ಹಾಕಿದೆ, ಹಿಂಡಿದೆ. ಗಡಿಬಿಡ್ಯಾಗ ಮರತದ್ದು ಏನಂದ್ರ, ಬೆಳಗಿಂದ ರಾಶಿ ಬಗಲಾಗ ನಿಂತು ಸೀರಿ ತುಂಬ ಅರಿಷಿಣದ ಧೂಳು ಕುಂತಿತ್ತು. ಅರಿಷಿಣಕ್ಕ ಸಾಬೂನು ಹತ್ತಿದ್ರ ಕೆಂಪ ಆಗತೈತಿ. ಹಿಂದಿನಿಂದ, ನನ್ನ ಕಣ್ಣಿಗೆ ಕಾಣದ ಜಾಗಾದಾಗ, ತಿಳಿ ಹಸರು ಸೀರಿ ಮ್ಯಾಲ ಅಂಗೈ ಅಗಲದ ಕೆಂಪು ಕಲೆ ಮಾಡಿಕೊಂಡು ಬಂದು ನಾ ಮತ್ತ ರಾಶಿ ಮುಂದ ನಿಂತೆ.

ದಿವಾಣಜಿ ಮನಿಯಾಕಿ ಪೂಜಿ ತಾಟು ಹಿಡಕೊಂಡು ನಿಂತಿದ್ಲು. ಆಕೀಗೆ ಮೊದಲ ಕಂಡಿತು. ಮೆಲ್ಲಕ ನನ್ನ ರೆಟ್ಟಿ ಹಿಡದು ಬಾಜೂಕ ಕರಕೊಂಡು ಹೋಗಿ, ಕಿವ್ಯಾಗ, ನೀವು ಹೊರಗ ಆಗೀರಿ ಅಂದ್ಲು. ಸಿಟ್ಟಿಲೆ ಅಲ್ಲ, ಒಳ್ಳೇ ಮನಸಿಲೆ ಅಂದ್ಲು. ಈ ವಯಸ್ಸಿನಾಗ ಒಮ್ಮೊಮ್ಮೆ ಹಂಗ ಆಗತೈತಿ, ಹೊರಗ ಕುಂದ್ರಿ, ಮೊರ ಮುಂದಿನ ವರ್ಷ ಹಿಡದ್ರಾತು. ಅಷ್ಟೊತ್ತಿಗೆ ಸುದ್ದಿ ಹೆಂಗಸರ ಸಾಲಿನಾಗ ಈ ತುದಿಯಿಂದ ಆ ತುದಿಗೆ ಮುಟ್ಟಿತ್ತು. ನನ್ನ ಮೊರ ನನ್ನ ಕಣ್ಣ ಮುಂದ ಬಾಜೂಕ ನಿಂತಿದ್ದ ಇನ್ನೊಬ್ಬಾಕಿ ಕೈಗೆ ಹೋತು. ನನಗ ಬಾಯಿ ಬರಲಿಲ್ಲ. ಜನ್ಮದಾಗ ಅದ ಮೊದಲ ಸಲ. ಸುಮ್ಮನ ಹೊರಗ ನಡದೆ.

ಹೊರಗ ಬೇವಿನ ಗಿಡದ ಬುಡಕ ನನ್ನ ಗೆಳತಿ ಕುಂತು ಶೇಂಗಾ ಸುಲೀತಿದ್ಲು. ನಾನೂ ಆಕೀನೂ ಒಂದ ರಾಶ್ಯಾಗ ಎದುರಾ ಬದರಾ ಕುಂತು ಮುದುಕ್ಯಾರ ಆದವರು. ಅವರ ಮನಿತನ ಬುದ್ಧಗ ನಡಕೊಳ್ಳವರು, ಪೂಜಿ ಪುನಸ್ಕಾರ ಎಲ್ಲಾ ಬಿಟ್ಟಿದ್ರು. ಪ್ರತಿ ಮುಹೂರ್ತಕ್ಕ ಆಕಿ ತಾನಾಗೇ ಹೊರಗ ಬಂದು, ಕಾಲು ಚಾಚಿ, ರಾಣಿ ಹಂಗ ಕುಂದ್ರತಿದ್ಲು. ನಾ ಆಕಿ ಬಾಜೂಕ ಕುಸದೆ. ಆಕಿ ನನ್ನ ಸೀರಿ ನೋಡಿದ್ಲು, ಮುಖ ನೋಡಿದ್ಲು. ನನಗ ಮುಟ್ಟು ನಿಂತು ವರ್ಷಗಳಾಗ್ಯಾವ ಅಂತ ಆಕೀಗೆ ಗೊತ್ತು. ಗೋಣಿತಟ್ಟಿನ ಗುಟ್ಟೂ ಗೊತ್ತಿತ್ತಂತ, ಆಮ್ಯಾಲ ಹೇಳಿದ್ಲು.

"ಇದು ಸಾಬೂನಿನ ಕೆಂಪು," ಅಂದ್ಲು. ನಾ ಗೋಣ ಹಾಕಿದೆ. ಆಕಿ ಒಂದು ಮುಷ್ಟಿ ಶೇಂಗಾ ನನ್ನ ಕೈಯಾಗ ಇಡಾಕ ಬಂದಾಕಿ ತಡದು, ಹಿಂದಕ್ಕ ತಗೊಂಡ್ಲು. "ನಾ ಇಲ್ಲಿ ಕುಂದ್ರಾಕ ನನಗೊಂದು ಕಾರಣ ಐತಿ. ನಾ ಮನಸಾರೆ ಕುಂತೇನಿ. ನೀ ಯಾಕ ಕುಂತಿ?"

ಶೇಂಗಾ ಸುದ್ದಾ ಕೊಡಲಿಲ್ಲ ನನಗ. ಎಂಥಾ ಹೆಂಗಸು ಅಂತೇನಿ.

ಅಲ್ಲೇ ಕುಂತು ವಿಚಾರ ಮಾಡಿದೆ. ಸುಮ್ಮನ ಕುಂತ್ರ ಮರ್ಯಾದಿ ಉಳೀತೈತಿ, ಹೊರಗ ಆಗೂದು ಹೆಣ್ಣು ಜಾತಿಗೆ ನಾಚಿಕಿ ಅಲ್ಲ. ಆದ್ರ ಮುಂದಿನ ವರ್ಷ? ಮುಂದಿನ ವರ್ಷ ಸೀನು ಬರೂದಿಲ್ಲೇನು? ಮತ್ತ ಹೊರಗ ಆಗ್ಯಾಳ ಅಂತಾರೇನು? ಆ ಮೊರ ಇನ್ನ ನನ್ನ ಕೈಗೆ ಎಂದೂ ಬರೂದಿಲ್ಲ ಅನ್ನೂದು ತಿಳೀತು. ತಿಳಿಯೂತ್ಲೆ ಹೊಟ್ಟ್ಯಾಗಿನ ಉರಿ ಇಷ್ಟು ದಿನ ನನ್ನ ಮೈ ಮ್ಯಾಲ ಇದ್ದದ್ದು ಎದ್ದು ಕಾಲಿಗೆ ಬಂತು. ಎದ್ದೆ. ದಬದಬ ನಡಕೋತ ಒಳಗ ಹೋದೆ.

ಮೊರ ಹಿಡಕೊಂಡಾಕಿ ಮುಂದ ನಿಂತೆ. ಎಲ್ಲಾರೂ ನನ್ನ ನೋಡಿದ್ರು. ಕಣ್ಣಾಗ ನೀರು ಬಂದಿತ್ತು, ಒರಸಲಿಲ್ಲ.

"ನಾ ಹೊರಗ ಆಗಿಲ್ಲ," ಅಂದೆ. "ಸೀನಿದೆ, ಉಚ್ಚಿ ಬಂತು. ಸಾಬೂನು ಹಚ್ಚಿ ತೊಳಕೊಂಡೇನಿ. ಹುಟ್ಟಿದಾಗಿಂದ ಅರಿಷಿಣದಾಗ ಇದ್ದೀರಿ, ಸಾಬೂನಿನ ಕೆಂಪು ಯಾವುದು, ರಕ್ತ ಯಾವುದು ಗೊತ್ತಾಗಲಿಲ್ಲ? ನನ್ನ ಮೊರ ಕೊಡ್ರಿ."

ಹಮಾಲರು ಮುಖ ಆಚಿ ಕಡೆ ಮಾಡಿದ್ರು, ದಿವಾಣಜಿ ಚಷ್ಮಾ ತಗದು ಒರಸಾಕ ಹತ್ತಿದ್ರು. ದಿವಾಣಜಿ ಮನಿಯಾಕಿ ಮೆಲ್ಲಕ, ಅದೂ ಮೈಲಿಗಿ ಆತಲ್ಲರಿ, ಅಂದ್ಲು. ನನಗ ಅದ ಬೇಕಾಗಿತ್ತು, ಯಾರರ ಒಬ್ಬರು ಬಾಯಿ ತಗೀಲಿ ಅಂತ ಕಾಯ್ತಿದ್ದೆ.

"ಮೊಮ್ಮಗನ ಹೆಸರಿಡೂ ದಿನ ಕೂಸು ನಿಮ್ಮ ತೊಡಿ ಮ್ಯಾಲ ಹೊಯ್ದಾಗ ನೀವು ಏನ ಮಾಡಿದ್ರಿ? ಶುಭ ಆತು ಅಂತ ನಕ್ಕು, ಒರಸಿಕೊಂಡು, ಅದ ಸೀರಿ ಮ್ಯಾಲ ಆರತಿ ಮಾಡಿದ್ರಿ. ನಾನೂ ಅಲ್ಲೇ ಇದ್ದೆ. ಅಂಥಾ ಕೂಸುಗಳನ್ನ ಹಡದು ಹಡದು ಹಿಂಗ ಆದ ಹೆಂಗಸಿಂದು ಮಾತ್ರ ಮೈಲಿಗಿ?"

ಅಷ್ಟರಾಗ ಹೊರಗ ಜೀಪಿನ ಸಪ್ಪಳ ಆತು, ಚೇರಮನ್ ಬಂದ್ರು ಬಂದ್ರು ಅಂತ ಓಡಾಟ ಹತ್ತಿತು. ಮೊರ ಹಿಡದಾಕಿ ನನಗಿಂತ ಸಣ್ಣಾಕಿ, ತಗೋರಿ ಅಕ್ಕಾರ, ಅಂತ ನನ್ನ ಕೈಯಾಗ ಇಟ್ಲು. ಯಾರೂ ಬ್ಯಾಡ ಅನ್ನಲಿಲ್ಲ. ಸೀರಿ ಹಿಂದ ಕೆಂಪು ಕಲೆ ಹಂಗ ಇತ್ತು. ಇರಲಿ ಅಂತ ಸೆರಗೂ ಮುಚ್ಚಿಕೊಳ್ಳಲಿಲ್ಲ. ಬಗ್ಗಿ ಮೊರ ತುಂಬಿದೆ, ಎತ್ತಿ ತಕ್ಕಡಿಗೆ ಸುರದೆ. ಅರಿಷಿಣ ಬಿದ್ದ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ. ನನ್ನ ಲಗ್ನದಾಗ ಸುದ್ದಾ ನಾ ಅಷ್ಟು ಎದಿ ಉಬ್ಬಿಸಿ ನಿಂತಿರಲಿಲ್ಲ.

ಆಮ್ಯಾಲ ಒಂದು ಗಮ್ಮತ್ತು ಆತು. ಚೇರಮನ್ ಭಾಷಣಕ್ಕ ನಿಂತು, ಸಹಕಾರ ಅಂದ್ರ ಏನು ಅಂತ ಹೇಳೂದರಾಗ ಅವರಿಗೂ ಸೀನು ಬಂತು. ಎಂಥಾ ಸೀನು ಅಂದ್ರ, ತಲಿ ಮ್ಯಾಲಿನ ಬಿಳೇ ಟೊಪಿಗಿ ಹಾರಿ ರಾಶ್ಯಾಗ ಬಿತ್ತು. ಎತ್ತಿ, ಜಾಡಿಸದ, ಹಂಗ ಇಟಗೊಂಡು ಭಾಷಣ ಮುಂದುವರಿಸಿದ್ರು. ಹಣಿ ತುಂಬ ಹಳದಿ ಇಳೀತಿತ್ತು. ಎಲ್ಲಾರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾ ನಗಲಿಲ್ಲ. ಒಂದಿನಕ್ಕ ಅಷ್ಟ ಸಾಕಾಗಿತ್ತು, ತುಟಿ ಕಚ್ಚಿ ಹಿಡದು ನಿಂತೆ.

ಸಂಜೀಗೆ ಗಂಡಗ ಎಲ್ಲಾ ಹೇಳಿದೆ. ಇನ್ನ ಊರಿಗೆಲ್ಲಾ ಗೊತ್ತಾದ ಮ್ಯಾಲ ಈತಗ ಮುಚ್ಚಿಡೂದು ಏನು ಉಳದಿತ್ತು? ಆತ ಕೇಳಿ ಉಸಿರು ಬಿಟ್ಟು, ಅಷ್ಟ ಏನು, ನಾ ಏನೋ ಅಂತ ಮಾಡಿದ್ನಿ, ಅಂದ. ನನಗ ಬಂದ ಸಿಟ್ಟು ಹೇಳಾಕ ಸಾಧ್ಯಿಲ್ಲ. ಅಷ್ಟ ಅಂತ ಅಷ್ಟ, ನೀ ಒಂದಿನ ತೊಯ್ದ ಧೋತರ ಉಟ್ಟು ಕುಪವಾಡಕ್ಕ ಹೋಗಿ ಬಾ ನೋಡೂಣು, ಅಂತ ಬಾಯಿಗೆ ಬಂದಂಗ ಬೈದೆ. ಆತ ಬೈಸಿಕೊಂಡು ಎದ್ದು ಹೋಗಿ, ಪೆಟಿಗ್ಯಾಗಿಂದ ತನ್ನ ಲಗ್ನದ ಧೋತರ ತಂದು ನನ್ನ ಮುಂದ ಇಟ್ಟ. ಹಳೇದು, ಒಗದು ಒಗದು ಬೆಣ್ಣಿ ಹಂಗ ಮೆತ್ತಗ ಆಗಿತ್ತು. ಹರಕೋ, ಒಳಗ ಇಡಾಕ ಛಲೋ ಆಗತೈತಿ, ಅಂದ. ನಾ ಅತ್ತೆ. ಅದನ್ನ ಹರದು, ಪದರ ಪದರ ಮಡಚಿ, ನಡುವ ಬಿಗಿ ಹೊಲಗಿ ಹಾಕಿ, ತುದಿಗೆ ಲಾಡಿ ಹಚ್ಚಿದೆ. ನಾ ಹೊಲದದ್ದು ಜಗ್ಗೂದಿಲ್ಲ, ಜಾರೂದಿಲ್ಲ. ಎದಿ ತಟ್ಟಿ ಹೇಳ್ತೇನಿ.

ಮುಂದಿನ ವಾರ ಗೆಳತಿ ನನ್ನ ಕೈ ಹಿಡದು ದವಾಖಾನಿಗೆ ಒಯ್ದಳು. ಮಿರಜಿ ಅಂದ್ರ ದವಾಖಾನಿ ಊರು, ಬೆಳಗಾಂವಿ, ವಿಜಾಪುರದಿಂದ ಮಂದಿ ರೈಲು ಹತ್ತಿ ತಮ್ಮ ಬ್ಯಾನಿ ತರ್ತಾರ. ನಾ ಆ ಊರಾಗ ಇದ್ದು ನನ್ನ ಬ್ಯಾನಿ ಬಗಲಾಗ ಸುತ್ತಿಟಗೊಂಡು ಅಡ್ಡಾಡಿದ್ನಿ. ಡಾಕ್ಟರಬಾಯಿ ಮೊದಲ ನನ್ನ ತುಟಿ ನೋಡಿ ಬೈದ್ರು, ನೀರು ಬಿಟ್ರ ಉಚ್ಚಿ ನಿಲ್ಲೂದಿಲ್ಲ, ಉರಿ ಹತ್ತತೈತಿ ಅಂತ. ಆಮ್ಯಾಲ ಒಂದು ಕಸರತ್ತು ಹೇಳಿಕೊಟ್ರು: ನಡುವ ಉಚ್ಚಿ ತಡದಂಗ ಒಳಗಿಂದ ಬಿಗಿ ಹಿಡಿಯೂದು, ಸಾವಕಾಶ ಬಿಡೂದು, ದಿನಾ ಮಾಡೂದು, ಸೀನು ಬರೂ ಮೊದಲ ಬಿಗಿ ಹಿಡಿಯೂದು. ಪೂರಾ ಹೋಗತೈತೇನ್ರಿ ಅಂತ ಕೇಳಿದೆ. ಕಡಿಮಿ ಆಗತೈತಿ, ಪೂರಾ ಹೋಗೂದರ ಮಾತು ನಾ ಕೊಡೂದಿಲ್ಲ ಅಂದ್ರು. ಸುಳ್ಳು ಹೇಳಲಿಲ್ಲಂತ ಅವರ ಮ್ಯಾಲ ನನಗ ಪ್ರೀತಿ ಬಂತು.

ಕಸರತ್ತು ನಾ ಬಸ್ಸಿನಾಗ ಮಾಡ್ತಿದ್ದೆ, ಸೀಟಿನ ಮ್ಯಾಲ ಕುಂತು. ಬಸ್ಸು ನಿಂತಾಗ ಬಿಗಿ, ಹೊಂಟಾಗ ಸಡ್ಲ. ಆ ಹೊತ್ತಿನಾಗ ನನ್ನ ಮುಖ ನೋಡಿ ಕಂಡಕ್ಟರ ಚಿಲ್ಲರ ಕೇಳಾಕ ಹೆದರತಿದ್ದ.

ಶೆಡ್ಡಿನಾಗ ಮಾತ್ರ ಭಾಳ ದಿನ ಯಾರೂ ಆ ಮಾತು ತಗೀಲಿಲ್ಲ. ನನ್ನ ಕೂಡ ಮಾತಾಡ್ತಿದ್ರು, ಆದ್ರ ಕಣ್ಣು ತಪ್ಪಿಸಿ. ಎಲ್ಲಾ ಕಳಕೊಂಡೆ ಏನೋ ಅಂತ ಒಮ್ಮೊಮ್ಮೆ ಅನಸ್ತಿತ್ತು. ಒಂದಿನ ಮಧ್ಯಾಹ್ನ ಊಟಕ್ಕ ಎದ್ದಾಗ ದಿವಾಣಜಿ ಮನಿಯಾಕಿ ನಮ್ಮ ಹಿತ್ತಲ ನಳಕ್ಕ ಬಂದ್ಲು. ಅವರ ಮನ್ಯಾಗ ನಳ ಇಲ್ಲಂತಲ್ಲ. ಆಕಡೆ ಈಕಡೆ ನೋಡಿ, ನಾ ತೊಳದು ಒಣಗಾಕ ಹಾಕಿದ್ದ ಅರಿವಿ ಮುಟ್ಟಿ, ಆ ಲಾಡಿ ಹೆಂಗ ಹಚ್ಚೀರಿ, ನನಗೂ ಒಂದು ಹೊಲಕೊಡ್ರಿ, ಅಂದ್ಲು. ನನಗ ಆಕಿ ಮ್ಯಾಲ ಇದ್ದ ಸಿಟ್ಟು ಎಲ್ಲಿ ಹೋತೋ. ಆಕಿ ಹಿಂದ ಇನ್ನೊಬ್ಬಾಕಿ ಬಂದ್ಲು, ಆಮ್ಯಾಲ ಅವತ್ತ ನನ್ನ ಮೊರ ತಿರುಗಿ ಕೊಟ್ಟಾಕಿ. ಆಕಿ ಎರಡ ಹಡದಾಕಿ, ಇನ್ನೂ ಮೂವತ್ತು ದಾಟಿರಲಿಲ್ಲ. ಆಕೀದು ಕೇಳಿದ ಮ್ಯಾಲ ನಾ ಕುಂದ್ರಲಿಲ್ಲ. ಎಲ್ಲಾರನ್ನೂ ಕರಕೊಂಡು ದಿವಾಣಜಿ ಮುಂದ ನಿಂತು, ನಳದ ಕಡೆ ತೊಳಕೊಳ್ಳಾಕ ಸುತ್ತ ಗ್ವಾಡಿ ಇರೂವಂಥಾ ಒಂದು ಮೋರಿ ಕಟ್ಟಿಸಿ ಬಾಗಲ ಹಚ್ಚಿಸಿಕೊಡ್ರಿ ಅಂದೆ. ಯಾಕಂತ ಅವರು ಕೇಳಲಿಲ್ಲ, ಮನಿಯಾಕಿ ಹೇಳಿರಬೇಕು. ಮಳಿಗಾಲ ಬರೂದರಾಗ ತಗಡಿನ ಬಾಗಲ ಬಂತು, ಒಳಗ ಚಿಲಕಾ, ಗ್ವಾಡಿಗೆ ಅರಿವಿ ಹಾಕಾಕ ಗೂಟಾ.

ಮರುವರ್ಷ ಮತ್ತ ಮುಹೂರ್ತ ಬಂತು. ನಾ ಮತ್ತ ಅದ ಇಳಕಲ್ಲ ಸೀರಿ ಉಟ್ಟೆ. ಕಲೆ ಒಗದು ಹೋಗಿತ್ತು, ಹತ್ತಿರದಿಂದ ನೋಡಿದ್ರ ಇನ್ನೂ ಸ್ವಲ್ಪ ಕಾಣತಿತ್ತು. ಬೆಳಗ್ಗೆ ಒಂದು ತಂಬಗಿ ನೀರು ಕುಡದ ಬಂದಿದ್ನಿ. ರಾಶಿ ಮುಂದ ಮೊರ ಹಿಡದು ನಿಂತೆ. ಜೀಪು ಬಂತು. ಚೇರಮನ್ ಇಳದು ಶೆಡ್ಡಿನ ಬಾಗಲತನಕ ಬಂದ್ರು, ರಾಶಿ ನೋಡಿದ್ರು, ಅಲ್ಲೇ ನಿಂತ್ರು. ಎರಡೂ ಕೈಲೆ ಟೊಪಿಗಿ ತಗದು, ಮಡಚಿ, ಸಿಪಾಯಿ ಕೈಯಾಗ ಜ್ವಾಕಿಲೆ ಕೊಟ್ಟು, ಬರೇ ತಲೀಲೆ ಒಳಗ ಬಂದ್ರು.

ಹಿಂದಿನ ವರ್ಷ ಕಚ್ಚಿ ಹಿಡದದ್ದು, ಅದರ ಹಿಂದಿನ ವರ್ಷ ಹಿಡದದ್ದು, ಎಲ್ಲಾ ಕೂಡಿ ಬಂತು. ನಕ್ಕೆ. ಬಾಯಿ ಬಿಟ್ಟು, ತಲಿ ಹಿಂದಕ್ಕ ಚೆಲ್ಲಿ ನಕ್ಕೆ. ಆ ಶೆಡ್ಡಿನ ತಗಡು ಅಷ್ಟು ದಿನಕ್ಕ ನನ್ನ ನಗಿ ಕೇಳಿತು. ಬಿಗಿ ಹಿಡಿ ಅಂತ ಡಾಕ್ಟರಬಾಯಿ ಹೇಳಿದ್ದು ಎಲ್ಲಿ ನೆನಪಿರ್ತೈತಿ ಆಗ. ಬೆಚ್ಚಗ ಆದದ್ದು ಗೊತ್ತಾತು. ಅರಿವಿ ಇತ್ತು, ಆದ್ರೂ ಸಾಲಲಿಲ್ಲ.

ಗೆಳತಿ ಆ ವರ್ಷ ಬೇವಿನ ಗಿಡ ಬಿಟ್ಟು ಬಾಗಲದಾಗ ನಿಂತಿದ್ಲು, ಪೂಜಿಗೆ ಅಲ್ಲ, ನನ್ನ ನೋಡಾಕ ಅಂತ. ಆಕೀನ ಕರದು ಮೊರ ಆಕಿ ಕೈಯಾಗ ಕೊಟ್ಟೆ. ಎಲ್ಲಾರಿಗೂ ಕೇಳೂವಂಗ ಅಂದೆ: "ತಡೀರಿ, ಬದಲಿಸಿಕೊಂಡು ಬಂದೆ."

ಓಡಲಿಲ್ಲ. ಸಾವಕಾಶ ನಡದು ಹೋದೆ, ತಗಡಿನ ಬಾಗಲ ಹಾಕಿಕೊಂಡೆ, ಅರಿವಿ ಬದಲಿಸಿದೆ, ಸೀರಿ ನೀಟ ಮಾಡಿಕೊಂಡೆ, ಸಾಬೂನು ಮುಟ್ಟಲಿಲ್ಲ. ಉಳದ ನಗಿ ಅಲ್ಲೇ ಒಬ್ಬಾಕೇನ ನಿಂತು ನಕ್ಕೆ. ಹೊರಗ ಬಂದಾಗ ಊದಿನಕಡ್ಡಿ ಇನ್ನೊಂದು ಕಟ್ಟು ಹಚ್ಚಿದ್ರು. ದಿವಾಣಜಿ ನಿಂತಿದ್ರು, ಹಮಾಲರು ನಿಂತಿದ್ರು, ಪ್ಯಾಟಿ ಸಾವಕಾರರು ನಿಂತಿದ್ರು. ಚೇರಮನ್ ಸಾಹೇಬರು ಬರೇ ತಲೀಲೆ, ಕೈಕಟ್ಟಿಕೊಂಡು, ನಾ ಬರೂ ದಾರಿ ನೋಡಿಕೋತ ನಿಂತಿದ್ರು.